ಕೊಡೆಬಟ್ಟೆಯ ಕಾಗೆ

ಪಡುಬೆಟ್ಟು
14 ಜುಲೈ 1988

ತಂಗಿ ವಾರಿಜಾಕ್ಷಿಗೆ ಉಮಾವತಿಯ ಆಶೀರ್ವಾದ.

ಕಥೆ ಹೇಳುವವರು ಕೊನೆಯನ್ನು ಕೊನೆಗೇ ಹೇಳಬೇಕು. ಆದರೆ ನೀನು ಕಡಲಿನ ಆಚೆ ಇದ್ದೀ, ಎದೆ ಒಡೆದುಕೊಳ್ಳುವುದು ಬೇಡ. ಅದಕ್ಕೆ ಕೊನೆಯನ್ನೇ ಮೊದಲು ಹೇಳುತ್ತೇನೆ: ನಿನ್ನ ಮಗಳು ದಮಯಂತಿ ಇವತ್ತು ಬೆಳಿಗ್ಗೆ ಎದ್ದು ಕೂತು ಒಂದು ಬಟ್ಟಲು ಗಂಜಿ ಉಂಡಳು. "ದೊಡ್ಡಮ್ಮ, ಉಪ್ಪಿನಕಾಯಿ ಉಂಟಾ?" ಎಂದು ಕೇಳಿದಳು.

ಈಗ ಮೊದಲಿನದು. ಶಾಲೆ ಶುರುವಾಗಿ ಎರಡು ವಾರಕ್ಕೆ ದಮುಗೆ ಜ್ವರ ಹಿಡಿಯಿತು. ಟೈಫಾಯ್ಡ್ ಎಂದರು ಡಾಕ್ಟರು. ಹತ್ತೊಂಬತ್ತು ದಿನ ಬಿಡಲಿಲ್ಲ. ಹದಿನಾಲ್ಕನೆಯ ದಿನ ನನ್ನನ್ನು ನೋಡಿ "ಅಮ್ಮ, ಯಾವಾಗ ಬಂದೆ?" ಎಂದಳು. ನಾನಲ್ಲ ಎಂದು ಹೇಳದೆ ಹಣೆಯ ಒದ್ದೆಬಟ್ಟೆ ಬದಲಿಸಿದೆ. ನಮ್ಮ ಅಪ್ಪ ಮಾಡಿದ ಕೊಡೆಬಟ್ಟೆಯ ಕಾಗೆಯನ್ನು ಅಪ್ಪಿ ಹಿಡಿದು ಮಲಗಿದ್ದಳು, ಇಂಜೆಕ್ಷನ್ ಕೊಡುವಾಗಲೂ ಬಿಡಲಿಲ್ಲ. ನರ್ಸು "ಈ ಕಾಗೆಗೂ ಒಂದು ಚುಚ್ಚುವಾ?" ಎಂದು ಕೇಳಿದರೆ, "ಅದಕ್ಕೆ ಜ್ವರ ಇಲ್ಲ" ಎಂದಳಂತೆ.

ಆ ದಿನ ದೇವಿಗೆ ಹರಕೆ ಹೇಳಿಕೊಂಡೆ. ಮಗು ಎದ್ದರೆ ನವರಾತ್ರಿಗೆ ವೇಷ ಹಾಕಿಸಿ ಐದು ಮನೆಗೆ ಕಳಿಸುತ್ತೇನೆ, ಸಿಕ್ಕಿದ್ದನ್ನು ದೇವಿಯ ಡಬ್ಬಿಗೆ ಹಾಕಿಸುತ್ತೇನೆ ಎಂದು. ವೇಷ ಹೆತ್ತ ತಾಯಿಯ ಕೈಯಿಂದಲೇ ಆಗಬೇಕು ಎಂದೂ ಸೇರಿಸಿದೆ. ಯಾಕೆ ಸೇರಿಸಿದೆ ಎಂದು ನೀನು ಕೇಳಬೇಡ. ದೇವಿಗೆ ಗೊತ್ತುಂಟು.

ದಮುವಿನ ಅಪ್ಪ ದೇಜಪ್ಪ ತೀರಿಹೋದ ಮೇಲೆ ನೀನು ಅಲ್ಲಿಗೆ ಹೊರಟು ನಿಂತಾಗ ಎರಡು ವರ್ಷ ಎಂದಿದ್ದೆ. ಅಕ್ಟೋಬರಿಗೆ ಎರಡು ತುಂಬುತ್ತದೆ. ಸಾಹೇಬರ ಮನೆಯ ಅಡುಗೆ, ಒರಸುವ ಕೆಲಸ ಎಲ್ಲ ಸುಖವಾಗಿ ನಡೆದಿದೆಯೆಂದು ನಂಬಿದ್ದೇನೆ. ನಿನ್ನ ಅಕ್ಷರ ಇರುವೆಯ ಸಾಲು, ಬೀಡಿ ಕಟ್ಟಿ ಕಟ್ಟಿ ನನ್ನ ಕಣ್ಣಿಗೆ ಅದು ಹಿಡಿಯುವುದಿಲ್ಲ. ಪೋಸ್ಟಿನ ಗುರುವ ಜಗಲಿಯಲ್ಲಿ ಕೂತು ಓದಿ ಹೇಳುತ್ತಾನೆ. ಬರೆಯುವುದಕ್ಕೆ ಕಣ್ಣು ಬೇಡ, ಕೈಗೇ ಗೊತ್ತುಂಟು.

ಉಮಾವತಿ


ಅಲ್ ಖುವೈರ್, ಮಸ್ಕತ್
5 ಆಗಸ್ಟ್ 1988

ಪ್ರೀತಿಯ ಅಕ್ಕನಿಗೆ ವಾರಿಜ ಮಾಡುವ ನಮಸ್ಕಾರ.

ನಿನ್ನ ಕಾಗದ ಕೈಗೆ ಬಂದಾಗ ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ. ಓದಿ ಮುಗಿಸುವಾಗ ಸಾಹೇಬರ ಒಂದು ಬಿಳಿ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆಯ ಗುರುತು ಬಿದ್ದಿತ್ತು. ರಾಬರ್ಟ್ ಸಾಹೇಬರು ಒಳ್ಳೆಯವರು, ಏನೂ ಹೇಳಲಿಲ್ಲ. ಇಲ್ಲಿ ಜ್ವರವೆಂದರೆ ಐದು ನಿಮಿಷದಲ್ಲಿ ಕಾರು, ಡಾಕ್ಟರು, ಔಷಧಿ. ನನ್ನ ಮಗು ಹತ್ತೊಂಬತ್ತು ದಿನ ಮಲಗಿದ್ದಾಗ ನಾನು ಇಲ್ಲಿ ಗಾಜು ಒರಸುತ್ತಿದ್ದೆನಲ್ಲ.

ನೀನು ಹೇಳಿಕೊಂಡ ಹರಕೆ ನನ್ನದೂ ಹೌದು. ಅಕ್ಟೋಬರಿಗೆ ರಜೆ ಕೇಳಿದ್ದೇನೆ. ಮೇಡಂ "ನೋಡೋಣ" ಎಂದಿದ್ದಾರೆ.

ಇನ್ನೊಂದು ವಿಷಯ. ಏಳೆಂಟು ವರ್ಷದ ಮಗುವಿನ ಅಳತೆಗೆ ಒಂದು ವೇಷ ಹೊಲಿಯುವುದಿದೆ. ಏನು ಮಾಡಲಿ ಎಂದು ಯೋಚಿಸಿದರೆ ಅಪ್ಪನ ಕಾಗೆಯೇ ಕಣ್ಣ ಮುಂದೆ ಬರುತ್ತದೆ. ಕೊಡೆ ರಿಪೇರಿಗೆ ಕೊಗ್ಗ, ಕೊಗ್ಗ ಎಂದು ಊರೆಲ್ಲ ಅಪ್ಪನನ್ನು ಕರೆಯುತ್ತಿದ್ದದ್ದು, ಹಳೆಯ ಕೊಡೆಗಳ ರಾಶಿಯಲ್ಲಿ ಕೂತು ಅವರು ಕಡ್ಡಿ ಬಗ್ಗಿಸಿ ನನಗೆ ಅದನ್ನು ಮಾಡಿಕೊಟ್ಟದ್ದು, ನೀನು ಬಟ್ಟೆ ಹೊಲಿದದ್ದು ಎಲ್ಲ ನೆನಪುಂಟು. ಆದರೆ ಹೊಟ್ಟೆಯ ಕೆಳಗಿನ ದಾರ ಎಳೆದರೆ ಎರಡು ರೆಕ್ಕೆ ಒಟ್ಟಿಗೆ ಹೇಗೆ ಬಿಚ್ಚುತ್ತಿದ್ದವು ಎಂಬುದು ನೆನಪಿಲ್ಲ. ಊರಿನ ನಮ್ಮ ಪಕ್ಕದ ಮನೆಯ ಅದ್ದು ರಜೆ ಮುಗಿಸಿ ತಿಂಗಳ ಕೊನೆಗೆ ಇಲ್ಲಿಗೆ ಹೊರಡುತ್ತಾನಂತೆ. ಅವನ ಕೈಯಲ್ಲಿ ಕಾಗೆ ಕಳಿಸಲು ಆಗುತ್ತದಾ? ದಮು ಕೊಡುತ್ತಾಳಾ?

ವಾರಿಜ


ಪಡುಬೆಟ್ಟು
26 ಆಗಸ್ಟ್ 1988

ವಾರಿಜಾಕ್ಷಿಗೆ ಆಶೀರ್ವಾದ.

ನೀನು ಬಾಯಿಬಿಟ್ಟು ಹೇಳಬೇಕಾಗಿಲ್ಲ, ನನಗೆ ಅರ್ಥವಾಯಿತು. ಗುರುವ ಓದುವಾಗ ದಮು ಬಾಗಿಲ ಹಿಂದೆ ನಿಂತಿದ್ದಳು. ಕೊಡುತ್ತಾಳಾ ಎಂದು ಕೇಳಿದ್ದೀಯಲ್ಲ. ಜ್ವರದಲ್ಲಿ ಬಿಡದ ಕಾಗೆಯನ್ನು ತಾನೇ ತೊಳೆದು, ಒಣಗಿಸಿ, ನನ್ನ ಬೀಡಿಯ ಮೊರದ ಮೇಲೆ ಇಟ್ಟು "ಕಳಿಸಿ ದೊಡ್ಡಮ್ಮ" ಎಂದಳು.

ಅದ್ದು ನೋಡಿ ನಕ್ಕ. "ಎಂತ ಉಮಕ್ಕ, ಎಲ್ಲರೂ ನನ್ನ ಕೈಯಲ್ಲಿ ಉಪ್ಪಿನಕಾಯಿ ಕಳಿಸ್ತಾರೆ, ಹಪ್ಪಳ ಕಳಿಸ್ತಾರೆ. ನೀವು ಕಾಗೆ ಕಳಿಸ್ತೀರಲ್ಲ. ಏರ್‌ಪೋರ್ಟಲ್ಲಿ ಹಾರಿಹೋದ್ರೆ ನಾನು ಜವಾಬ್ದಾರಿ ಅಲ್ಲ." ದಮು ಗಂಭೀರವಾಗಿ, "ದಾರ ಎಳೀಬೇಡಿ ಅದ್ದುಚ್ಚ, ಆಗ ಹಾರುದಿಲ್ಲ" ಎಂದಳು.

ಜೊತೆಗೆ ಒಂದು ಕಪ್ಪು ನೂಲು ಉಂಟು. ಅದರಲ್ಲಿ ಎರಡು ಗಂಟು. ಒಂದು ದಮುವಿನ ಹೆಗಲಿನಿಂದ ಮೊಣಕಾಲಿಗೆ. ಇನ್ನೊಂದು ಅವಳು ಎರಡು ಕೈ ಚಾಚಿ ನಿಂತರೆ ಬೆರಳಿನಿಂದ ಬೆರಳಿಗೆ. ಗಂಟು ಹಾಕುವಾಗ ಅಲ್ಲಾಡದೆ ನಿಂತಿದ್ದಳು, ಉಸಿರೂ ಬಿಡದೆ.

ಉಮಾವತಿ


ಅಲ್ ಖುವೈರ್
18 ಸೆಪ್ಟೆಂಬರ್ 1988

ಪ್ರೀತಿಯ ಅಕ್ಕನಿಗೆ,

ಕಾಗೆ ಬಂತು. ಮೂಗಿಗೆ ಹಿಡಿದೆ. ಸೀಗೆಪುಡಿ, ಬೀಡಿಸೊಪ್ಪು ಮತ್ತು ನಮ್ಮ ಅಟ್ಟದ ವಾಸನೆ. ನೂಲನ್ನೂ ನೋಡಿದೆ. ನಾನು ಬರುವಾಗ ನನ್ನ ಸೊಂಟಕ್ಕೆ ಬರುತ್ತಿದ್ದ ಮಗು ಇಷ್ಟು ಬೆಳೆದಳಾ? ನಿನಗೆ ಎಷ್ಟು ಬುದ್ಧಿ ಅಕ್ಕ, ಫೋಟೋ ತೆಗೆಸುವ ಬದಲು ಮಗುವಿನ ಎತ್ತರವನ್ನೇ ಕಳಿಸಿದೆ. ನೂಲನ್ನು ಮಡಚಿ ಬಲಗೈಗೆ ಕಟ್ಟಿಕೊಂಡಿದ್ದೇನೆ. ಪಾತ್ರೆ ತೊಳೆಯುವಾಗಲೂ ಬಿಚ್ಚುವುದಿಲ್ಲ.

ಅಕ್ಟೋಬರಿಗೆ ರಜೆ ಆಗಲಿಲ್ಲ. ಮೇಡಂಗೆ ಮೈ ಸರಿಯಿಲ್ಲ, ಬೇರೆ ಜನ ಸಿಗುವುದಿಲ್ಲವಂತೆ. ಪಾಸ್‌ಪೋರ್ಟ್ ನನಗೆ ವೀಸಾ ಕೊಟ್ಟ ಕಫೀಲನ ಬಳಿ ಇರುತ್ತದೆ, ಸಾಹೇಬರು ಹೇಳದೆ ಅವನು ಕೊಡುವುದಿಲ್ಲ. ದಮುಗೆ ಬರುವ ವರ್ಷ ಎಂದು ಹೇಳು. ದೇವಿ ಒಂದು ವರ್ಷ ತಡೆದುಕೊಳ್ಳುತ್ತಾಳೆ.

ಮತ್ರಾದ ಪೇಟೆಯಿಂದ ಇಲ್ಲಿಯ ಹೆಂಗಸರ ಮೈಮುಚ್ಚುವ ಅಬಾಯ ಹೊಲಿಯುವ ಕಪ್ಪು ಬಟ್ಟೆ ತಂದಿದ್ದೇನೆ. ಈ ಊರಲ್ಲಿ ಕೊಡೆ ಹುಡುಕುವುದೇ ಕಷ್ಟ. ಮಳೆ ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು, ಯಾರು ಇಟ್ಟುಕೊಳ್ಳುತ್ತಾರೆ? ಕಡೆಗೆ ಅದ್ದುವಿನ ಕೆಫೆಟೇರಿಯಾದಲ್ಲಿ ಒಬ್ಬ ಗಿರಾಕಿ ಬಿಟ್ಟುಹೋದದ್ದು ಸಿಕ್ಕಿತು. ಎಂಟು ಕಡ್ಡಿಯೂ ಸರಿ ಉಂಟು. ವೇಷದ ಕೆಲಸ ನಡೆಯುತ್ತಿದೆ.

ವಾರಿಜ


ಪಡುಬೆಟ್ಟು
21 ಅಕ್ಟೋಬರ್ 1988

ವಾರಿಜಾಕ್ಷಿಗೆ ಆಶೀರ್ವಾದ.

ನಿನ್ನೆಗೆ ನವರಾತ್ರಿ ಮುಗಿಯಿತು. ವೇಷ ಬರಲಿಲ್ಲ.

ನೀನು ಬರುವುದಿಲ್ಲ ಎಂದು ತಿಳಿದ ಮೇಲೆ, ವೇಷವನ್ನಾದರೂ ಯಾರ ಕೈಯಲ್ಲಾದರೂ ಕಳಿಸುತ್ತೀ ಎಂದುಕೊಂಡೆವು. ಬಟ್ಟೆ ತಂದಿದ್ದೇನೆ, ಕಡ್ಡಿ ಸಿಕ್ಕಿತು, ಕೆಲಸ ನಡೆಯುತ್ತಿದೆ ಎಂದು ಬರೆದಿದ್ದೆಯಲ್ಲ. ಮಸ್ಕತ್ತಿನಿಂದ ಮುಹಮ್ಮದ್ ಬ್ಯಾರಿಯ ಮಗ ಬಂದ, ದಮು ಅವನ ಮನೆ ಅಂಗಳದಲ್ಲಿ ಪೆಟ್ಟಿಗೆ ಬಿಚ್ಚುವ ತನಕ ನಿಂತಿದ್ದಳು. ಅವರು ಪಾಪ, ಬರಿಗೈಯಲ್ಲಿ ಕಳಿಸಬಾರದೆಂದು ಒಂದು ಸಾಬೂನು ಕೊಟ್ಟು ಕಳಿಸಿದರು.

ಶಾಲೆಯಲ್ಲಿ ಎಲ್ಲರಿಗೂ ಹೇಳಿದ್ದಾಳೆ. "ನನ್ನ ಅಮ್ಮ ಕಾಗೆ ವೇಷ ಹೊಲಿತಾ ಇದ್ದಾರೆ. ದಾರ ಎಳೆದರೆ ರೆಕ್ಕೆ ಬಿಚ್ಚುತ್ತದೆ." ಕಾಗೆ ಅಪಶಕುನ, ಹರಕೆಗೆ ಅದಾಗುದಿಲ್ಲ ಎಂದು ಒಬ್ಬಳು ಚುಡಾಯಿಸಿದಳಂತೆ. "ನಿಮ್ಮ ಅಜ್ಜನ ತಿಥಿಗೆ ಕಾಗೆ ಬಾರದಿದ್ದರೆ ಅನ್ನ ಮುಟ್ಟುವವರು ಯಾರು?" ಎಂದು ಕೇಳಿ ಬಂದಿದ್ದಾಳೆ. ನನ್ನ ತಂಗಿಯ ಮಗಳೇ ಸೈ.

ತಡವಾದರೂ ಆಗಲಿ, ಕಳಿಸು. ದೀಪಾವಳಿಯ ಹೊತ್ತಿಗೆ ಬಂದರೂ ಐದು ಮನೆಗೆ ಕರೆದುಕೊಂಡು ಹೋಗುತ್ತೇನೆ. ದೇವಿಗೆ ನಾನು ಸಮಾಧಾನ ಹೇಳುತ್ತೇನೆ, ಅವಳು ದೊಡ್ಡವಳು. ಈ ಸಣ್ಣವಳಿಗೆ ಹೇಳುವುದೇ ಕಷ್ಟ.

ಉಮಾವತಿ


ಅಲ್ ಖುವೈರ್
3 ನವೆಂಬರ್ 1988

ಪ್ರೀತಿಯ ಅಕ್ಕನಿಗೆ,

ಈ ಕಾಗದದಲ್ಲಿ ಎರಡು ವರ್ಷದಿಂದ ಹೇಳದೆ ಇಟ್ಟ ಒಂದು ಮಾತನ್ನು ಹೇಳುತ್ತೇನೆ. ಗುರುವನ ಬಾಯಿಂದ ಕೇಳುವೆಯಲ್ಲ ಎಂದು ನಾಚಿಕೆ. ಆದರೂ ಹೇಳುತ್ತೇನೆ.

ಈ ಮನೆಯಲ್ಲಿ ಒಂದು ಮಗು ಇದೆ. ಜೇನ್ ಎಂದು ಹೆಸರು, ಏಳು ವರ್ಷ. ಅಡುಗೆ, ಒರಸುವುದು ಎಲ್ಲ ಮಧ್ಯಾಹ್ನಕ್ಕೆ ಮುಗಿಯುತ್ತದೆ. ನನ್ನ ನಿಜವಾದ ಕೆಲಸ ಅವಳನ್ನು ನೋಡಿಕೊಳ್ಳುವುದು. ಮೀಯಿಸುವುದು, ಉಣಿಸುವುದು, ಕಥೆ ಹೇಳಿ ಮಲಗಿಸುವುದು. ನನ್ನ ಮಗುವನ್ನು ನಿನ್ನ ಮಡಿಲಿಗೆ ಹಾಕಿ ಬಂದು ಇಲ್ಲಿ ಇನ್ನೊಬ್ಬರ ಮಗುವಿಗೆ ಜೋಗುಳ ಹಾಡುತ್ತೇನೆ ಎಂದು ಹೇಗೆ ಬರೆಯುವುದು? ಅದಕ್ಕೆ ಗಾಜು, ನೆಲ, ಇಸ್ತ್ರಿ ಎಂದೇ ಬರೆಯುತ್ತಿದ್ದೆ.

ಈ ಜನಕ್ಕೆ ಅಕ್ಟೋಬರ್ ಕೊನೆಗೆ ಹಾಲೋವೀನ್ ಎಂಬ ಒಂದು ದಿನ. ನೀನು ನೋಡಿದರೆ ನಮ್ಮ ನವರಾತ್ರಿಯೇ ಹಡಗು ಹತ್ತಿ ಬಂದಿದೆ ಎನ್ನುತ್ತಿದ್ದೆ. ಆಯುಧಪೂಜೆಗೆ ಒಡೆಯುವ ಹಾಗೆ ಕುಂಬಳಕಾಯಿ ತಂದು, ಒಡೆಯುವ ಬದಲು ಅದಕ್ಕೆ ಕಣ್ಣುಬಾಯಿ ಕೊರೆದು ಒಳಗೆ ದೀಪ ಇಡುತ್ತಾರೆ. ಮಕ್ಕಳು ವೇಷ ಹಾಕಿ ಸಂಜೆ ಮನೆಮನೆಗೆ ಹೋಗುತ್ತಾರೆ. ಮನೆಯವರು ಮಿಠಾಯಿ ಕೊಡುತ್ತಾರೆ. ಯಾವ ದೇವರಿಗೆ ಎಂದು ಮೇಡಂ ಹತ್ತಿರ ಕೇಳಿದೆ. ಯಾವ ದೇವರಿಗೂ ಅಲ್ಲವಂತೆ.

ನಮ್ಮ ಕಾಗೆಯ ಕಥೆ ಹೇಳಿ ಹೇಳಿ ಜೇನ್‌ಗೆ ಅದೇ ಹುಚ್ಚು. ಅಂಗಡಿಯ ವೇಷ ಬೇಡ, ವಾರಿಯ ಕಾಗೆಯೇ ಬೇಕು ಎಂದು ಹಟ. ಹೊಲಿದೆ. ಬೆನ್ನಿಗೆ ಕೊಡೆಯ ಕಡ್ಡಿ ಕಟ್ಟಿ, ಹೊಟ್ಟೆಯ ಮುಂದೆ ದಾರ ಬಿಟ್ಟೆ. ರೆಕ್ಕೆ ಸ್ವಲ್ಪ ಉದ್ದವಾಯಿತು, ಎರಡು ಸಲ ಎಡವಿದಳು. ಆದರೆ ದಾರ ಎಳೆದಾಗ ಎರಡೂ ರೆಕ್ಕೆ ಒಟ್ಟಿಗೆ ಬಿಚ್ಚಿದವು ಅಕ್ಕ. ಕಂಪೌಂಡಿನ ಮಂದಿ ಎಲ್ಲ ಚಪ್ಪಾಳೆ ತಟ್ಟಿದರು. ಸಾಹೇಬರು ತೆಗೆದ ಫೋಟೋ ಇದರೊಳಗೆ ಇಟ್ಟಿದ್ದೇನೆ, ನಾನೂ ಇದ್ದೇನೆ, ಬಗ್ಗಿ ರೆಕ್ಕೆ ಸರಿಮಾಡುತ್ತಿರುವುದು.

ಅವಳ ಹಿಂದೆ ಚೀಲ ಹಿಡಿದು ನಡೆಯುವಾಗ ನನಗೆ ಹರಕೆ ನೆನಪಾಯಿತು. ತಾಯಿಯ ಕೈಯ ವೇಷ, ಮನೆಮನೆಗೆ ಹೋಗುವುದು, ಎಲ್ಲವೂ ಸೇರಿಬಂದಿತ್ತು. ಐದು ಮನೆ ಎಣಿಸಿದೆ. ಪ್ರತಿ ಬಾಗಿಲಲ್ಲೂ ಮನಸ್ಸಿನಲ್ಲಿ ದಮುವಿನ ಹೆಸರು ಹೇಳಿದೆ. ಆಮೇಲೆ ಜೇನ್ ಹತ್ತಿರ ಒಂದು ಚಾಕಲೇಟು ಕೇಳಿದೆ. ಇದ್ದುದರಲ್ಲಿ ದೊಡ್ಡದನ್ನೇ ಕೊಟ್ಟಳು. ಮರುದಿನ ಅದ್ದುವಿನ ಜೊತೆ ದಾರ್ಸೈಟಿನ ಕೃಷ್ಣ ದೇವಸ್ಥಾನಕ್ಕೆ ಹೋಗಿ ಅದನ್ನು ದೇವರ ಮುಂದೆ ಇಟ್ಟೆ. ಹರಕೆ ತೀರಿತು ಎಂದೇ ತಿಳಿಯುತ್ತೇನೆ. ಇನ್ನು ದಮುವಿಗೆ ಅದರ ಕಷ್ಟ ಬೇಡ. ನನ್ನ ಎದೆ ಹಗುರಾಗಿದೆ. ನಿನಗೆ ತಪ್ಪೆಂದು ಕಂಡರೆ ಬೈದು ಬರೆ.

ವಾರಿಜ


ಅಲ್ ಖುವೈರ್
9 ನವೆಂಬರ್ 1988

ಅಕ್ಕ,

ನಿನ್ನ 21ರ ಕಾಗದ ಇವತ್ತು ಬಂತು. ದಮು ಕಾಯುತ್ತಿದ್ದಳಾ? ಅವಳಿಗೆ ಎಂದೇ ನೀವು ತಿಳಿದಿರಾ?

ಮೂರನೇ ತಾರೀಕಿನ ಕಾಗದ ಬಂದರೆ ಒಡೆಯಬೇಡ. ಒಡೆದರೂ ಗುರುವನಿಗೆ ಹೇಳು, ಮೆಲ್ಲಗೆ ಓದಲಿ, ದಮು ಶಾಲೆಗೆ ಹೋದ ಹೊತ್ತಿನಲ್ಲಿ ಓದಲಿ. ಫೋಟೋವನ್ನು ಒಲೆಗೆ ಹಾಕು. ತಂತಿ ಕೊಡೋಣ ಎಂದು ಅದ್ದುವನ್ನು ಕರೆದುಕೊಂಡು ಹೋದೆ. ಬಾಗಿಲ ತನಕ ಹೋಗಿ ವಾಪಸು ಬಂದೆ. ನಮ್ಮ ಊರಿಗೆ ತಂತಿ ಬಂದದ್ದು ಸಾವಿಗೆ ಮಾತ್ರ. ಅದನ್ನು ಬಿಚ್ಚುವ ಮೊದಲೇ ನಿನ್ನ ಎದೆ ನಿಂತರೆ?

ಈ ಕಾಗದ ಮೊದಲು ತಲುಪಲಿ.

ವಾರಿಜ


ಪಡುಬೆಟ್ಟು
2 ಡಿಸೆಂಬರ್ 1988

ವಾರಿಜಾಕ್ಷಿಗೆ,

ಮೊದಲಿನದು ಮೊದಲೇ ಬಂತು. ಆರು ದಿನ ಬಿಟ್ಟು ಎರಡನೆಯದು.

ನೀನು ಒಂದು ಬಚ್ಚಿಟ್ಟರೆ ನಾನೂ ಒಂದು ಬಚ್ಚಿಟ್ಟಿದ್ದೆ. ಗುರುವನಿಗೆ ಸೆಪ್ಟೆಂಬರಿನಲ್ಲೇ ಕಾರ್ಕಳದ ಕಡೆಗೆ ವರ್ಗವಾಗಿದೆ. ಆಮೇಲಿನಿಂದ ನಿನ್ನ ಕಾಗದ ಓದುವುದು ದಮು. ಮೂರನೇ ಕ್ಲಾಸಿನವಳು, ನಿನ್ನ ಇರುವೆ ಸಾಲನ್ನು ಬೆರಳಿಟ್ಟು ಓದುತ್ತಾಳೆ. ನಿನಗೆ ಹೇಳಿದರೆ ಮಗುವಿಗೆ ಕೇಳಿಸಬಹುದಾದದ್ದನ್ನು ಮಾತ್ರ ಬರೆಯುತ್ತೀ, ನಿನ್ನ ಕಷ್ಟ ನನಗೆ ತಿಳಿಯುವುದಿಲ್ಲ ಎಂದು ಹೇಳಲಿಲ್ಲ.

ಕಾಗದ ಒಡೆದಾಗ ಫೋಟೋ ಕೆಳಗೆ ಬಿತ್ತು. "ನನ್ನ ವೇಷ" ಎಂದಳು ಮೊದಲು. ಆಮೇಲೆ ಓದತೊಡಗಿದಳು. ನಾನು ಬೀಡಿಯ ಎಲೆ ಕತ್ತರಿಸುತ್ತಿದ್ದೆ. "ಸಾಕು ಮಗಾ, ಉಳಿದದ್ದು ನಾಳೆ ಓದುವಾ" ಎಂದೆ. ಕೇಳಲಿಲ್ಲ. ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ, ಎಲ್ಲಿಯೂ ನಿಲ್ಲಿಸದೆ, ಬೈದು ಬರೆ ಎಂಬಲ್ಲಿಯ ತನಕ ಓದಿದಳು. ಮಡಚಿ ನನ್ನ ಮೊರದ ಮೇಲೆ ಇಟ್ಟಳು. ಆಮೇಲೆ ಒಂದೇ ಮಾತು ಕೇಳಿದಳು.

"ದೊಡ್ಡಮ್ಮ, ಈ ಜೇನ್‌ಗೂ ಜ್ವರ ಬಂದಿತ್ತಾ?"

ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುವ ಕಥೆಯನ್ನು ನಾವು ನೂರು ಸಲ ಹೇಳಿದ್ದೇವೆ. ನಾನೇ ಆ ಕಾಗೆ ಎಂದು ನಗುತ್ತಿದ್ದೆ. ಅಲ್ಲಿ ನೀನೂ ಅದೇ ಆಗಿದ್ದೀ ಎಂದು ಗೊತ್ತಿರಲಿಲ್ಲ.

ನಿನ್ನನ್ನು ಬೈಯುವುದಿಲ್ಲ. ಕಾಗೆಯನ್ನು ಬೇಗ ವಾಪಸು ಕಳಿಸು.

ಉಮಾವತಿ


ಅಲ್ ಖುವೈರ್
20 ಫೆಬ್ರವರಿ 1989

ಪ್ರೀತಿಯ ಅಕ್ಕನಿಗೂ ಮಗಳು ದಮುವಿಗೂ,

ಎಷ್ಟೋ ಸಲ ಬರೆದು ಹರಿದೆ. ಇದನ್ನು ಹರಿಯದೆ ಡಬ್ಬಿಗೆ ಹಾಕುತ್ತೇನೆ.

ದಮು, ಈ ನವರಾತ್ರಿಗೆ ನಾನು ಬರುತ್ತೇನೆ. ಖಂಡಿತ ಬರುತ್ತೇನೆ. ನಿನ್ನ ಎದುರೇ ಕೂತು ವೇಷ ಹೊಲಿಯುತ್ತೇನೆ, ನಿನ್ನ ಜೊತೆ ಐದು ಮನೆಗೆ ಬರುತ್ತೇನೆ. ಮೇಡಂ ಒಪ್ಪಿದ್ದಾರೆ. ಕಾಗೆಯನ್ನೂ ಆಗಲೇ ತರುತ್ತೇನೆ, ನನ್ನ ಪೆಟ್ಟಿಗೆಯಲ್ಲಿ ಜೋಪಾನವಾಗಿ ಉಂಟು.

ನಿನ್ನ ಅಮ್ಮ


ಅಲ್ ಖುವೈರ್
27 ಸೆಪ್ಟೆಂಬರ್ 1989

ಅಕ್ಕ,

ಟಿಕೆಟ್ ಆಗಲಿಲ್ಲ. ನವರಾತ್ರಿಗೆ ಬರಲು ಆಗುವುದಿಲ್ಲ. ದಮುಗೆ ಹೇಗಾದರೂ ಹೇಳು. ಬರುವ ವರ್ಷ ಖಂಡಿತ.

ವಾರಿಜ


ಪಡುಬೆಟ್ಟು
16 ಅಕ್ಟೋಬರ್ 1989

ವಾರಿಜಾಕ್ಷಿಗೆ ಆಶೀರ್ವಾದ.

ಹರಕೆ ತೀರಿತು. ನಿನ್ನ ಕಾಗದ ನವಮಿಯ ದಿನ ಬಂತು. ದಮು ಓದಿ ಮಡಚಿಟ್ಟಳು. ಮರುದಿನ ಬೆಳಿಗ್ಗೆ ತಾನೇ ವೇಷ ಹಾಕಿಕೊಂಡು ಅಂಗಳಕ್ಕೆ ಇಳಿದಳು. ಐದು ಮನೆ ಎಂದು ಹೊರಟವಳು ಊರಿನ ಎಲ್ಲ ಮನೆಗೂ ಹೋಗಿಬಂದಳು. ಊರೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಇಂಥ ವೇಷವನ್ನು ಪಡುಬೆಟ್ಟಿನಲ್ಲಿ ಯಾರೂ ಕಂಡಿರಲಿಲ್ಲ ಎಂದರು. ದೇವಿಯ ಡಬ್ಬಿ ಭಾರವಾಯಿತು.

ತಾಯಿಯ ಕೈಯಿಂದಲೇ ಆಗಬೇಕು ಎಂದು ನಾನು ಸೇರಿಸಿದ್ದಕ್ಕೆ ದೇವಿಯ ಹತ್ತಿರ ತಪ್ಪು ಕೇಳಿಕೊಂಡೆ. ಆದರೆ ಯೋಚಿಸಿದರೆ, ಆ ಮಾತೂ ಒಂದು ರೀತಿಯಲ್ಲಿ ನಡೆಯಿತು.

ಉಮಾವತಿ


ಅಲ್ ಖುವೈರ್
6 ನವೆಂಬರ್ 1989

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಓದಿ ಎಷ್ಟು ಸಂತೋಷವಾಯಿತು. ಊರು ನಕ್ಕಿತು ಎಂದರೆ ಮಗು ಗೆದ್ದಳು ಎಂದೇ ಅರ್ಥ. ಅಪ್ಪನ ಹಾಗೆ ಕೈಚಳಕ ಇರಬೇಕು ಅವಳಿಗೆ. ಯಾವ ವೇಷ ಎಂದು ಬರೆಯಲೇ ಇಲ್ಲವಲ್ಲ ನೀನು. ಕಾಗೆಯೇ ಇರಬೇಕು. ಅಟ್ಟದ ಹಳೆಯ ಕೊಡೆಯಿಂದ ಮಾಡಿದಳಾ? ರೆಕ್ಕೆ ಬಿಚ್ಚಿತಾ? ದಯವಿಟ್ಟು ಬರೆ. ಕಣ್ಣಿನಲ್ಲಿ ನೋಡಿದ ಹಾಗೆ ಬರೆ, ನಿನಗೆ ಹೇಳಿಕೊಡಬೇಕಾ?

ವಾರಿಜ


ಅಲ್ ಹೈಲ್, ಮಸ್ಕತ್
27 ಜನವರಿ 1991

ಅಕ್ಕನಿಗೆ ನಮಸ್ಕಾರ.

ಕಳೆದ ವರ್ಷ ನಾನು ನಾಲ್ಕು ಕಾಗದ ಬರೆದೆ. ಒಂದು ಉತ್ತರ ಬಂತು, ಅದರಲ್ಲಿ ಎರಡೇ ಸಾಲು. ಕಣ್ಣಿಗೆ ಪೊರೆ ಬಂದಿದೆ, ಕೈಗೂ ಈಗ ಗೆರೆ ಸಿಗುವುದಿಲ್ಲ ಎಂದು. ಆದ್ದರಿಂದ ಇದನ್ನು ಓದುವವಳು ಯಾರು ಎಂದು ನನಗೆ ಗೊತ್ತು. ಅವಳಿಗೇ ಬರೆಯುತ್ತೇನೆ, ನೀನು ಕೇಳುತ್ತಿರು.

ದಮು,

ಕುವೈತಿನಲ್ಲಿ ಯುದ್ಧ ಶುರುವಾಗಿದೆ ಎಂದು ರೇಡಿಯೋದಲ್ಲಿ ಕೇಳಿರಬಹುದು. ಇಲ್ಲಿ ಏನೂ ಇಲ್ಲ, ಹೆದರಬೇಡ. ಆದರೆ ಹೆದರಿದವರು ಹೊರಟರು. ರಾಬರ್ಟ್ ಸಾಹೇಬರ ಮನೆಯವರು ಡಿಸೆಂಬರಿನಲ್ಲೇ ಇಂಗ್ಲೆಂಡಿಗೆ ಹೋದರು. ಅಲ್ಲಿ ಹೋಗಿ ಬರೆಯುತ್ತೇನೆ ಎಂದಿದ್ದಳು ಜೇನ್. ಬರೆದಿಲ್ಲ. ಮಕ್ಕಳು ಮರೆಯಬೇಕು, ಅದೇ ಸರಿ. ನನ್ನನ್ನು ಕಫೀಲ್ ಅಲ್ ಹೈಲಿನ ಈ ಮನೆಗೆ ಹಾಕಿದ್ದಾನೆ. ಜಮೀಲಾ ಎಂಬ ಮುದುಕಿಯನ್ನು ನೋಡಿಕೊಳ್ಳುವುದು. ಅವರಿಗೆ ಮರೆವು. ದಿನಾ ಬೆಳಿಗ್ಗೆ ನಿನಗೆ ಮಕ್ಕಳಿದ್ದಾರಾ ಎಂದು ಕೇಳುತ್ತಾರೆ. ದಿನಾ ನಿನ್ನ ಹೆಸರು ಹೇಳುತ್ತೇನೆ. "ಎಲ್ಲಿದ್ದಾಳೆ?" ಎನ್ನುತ್ತಾರೆ. ಊರಲ್ಲಿ ಎಂದರೆ, "ಯಲ್ಲಾ, ಹೋಗು, ಇಲ್ಲಿ ಯಾಕೆ ಕೂತಿದ್ದೀ?" ಎಂದು ಬೈಯುತ್ತಾರೆ. ಆ ಮುದುಕಿಗೆ ತಿಳಿದದ್ದು ನನಗೆ ನಾಲ್ಕು ವರ್ಷ ತಿಳಿಯಲಿಲ್ಲ.

ಮೂರು ಮಾತು ನಿನಗೆ ಹೇಳಬೇಕು. ಒಂದೂ ಒಳ್ಳೆಯದಲ್ಲ.

ಎರಡು ನವರಾತ್ರಿಯ ಹಿಂದೆ ಟಿಕೆಟ್ ಆಗಲಿಲ್ಲ ಎಂದು ಬರೆದಿದ್ದೆ. ಆಗಿತ್ತು. ಸೆಪ್ಟೆಂಬರ್ 29ಕ್ಕೆ. ಅದಕ್ಕೆ ನಾಲ್ಕು ದಿನ ಮೊದಲು ಜೇನ್‌ಗೆ ಸೀತಾಳೆ ಸಿಡುಬು ಎದ್ದಿತು. ನನ್ನ ಸೆರಗು ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ. ಮೇಡಂ ಹೋಗು ಎಂದೇ ಹೇಳಿದ್ದರು. ನಿನ್ನ ಜ್ವರದಲ್ಲಿ ಹತ್ತಿರ ಇಲ್ಲದವಳು ಅವಳ ಹಾಸಿಗೆಯ ಪಕ್ಕ ಹನ್ನೊಂದು ದಿನ ಕೂತೆ. ಜೇನ್‌ಗೂ ಜ್ವರ ಬಂದಿತ್ತಾ ಎಂದು ನೀನು ಕೇಳಿದ ಪ್ರಶ್ನೆ ಆಗ ನನ್ನ ಕಿವಿಯಲ್ಲೇ ಇತ್ತು. ಜೊತೆಗೆ ನನಗೆ ಹೆದರಿಕೆ. ಮನೆಗೆ ಬಂದರೆ ನೀನು ನನ್ನನ್ನು ಹೇಗೆ ನೋಡುವೆಯೋ ಎಂದು. ಮಗುವಿಗೆ ಹೆದರಿದ ತಾಯಿ ನಾನು.

ಎರಡನೆಯದು ನೂಲಿನ ಮಾತು. ನೀನು ಎಷ್ಟು ಬೆಳೆದೆ ಎಂದು ತೋರಿಸಲು ಅಕ್ಕ ಕಳಿಸಿದ್ದು ಎಂದುಕೊಂಡೆ. ಹಾಗೆಂದುಕೊಂಡದ್ದೋ, ಹಾಗೆಂದುಕೊಳ್ಳಲು ಬಯಸಿದ್ದೋ, ಈಗ ನನಗೇ ತಿಳಿಯುವುದಿಲ್ಲ. ಆದರೆ ಬಟ್ಟೆ ಕತ್ತರಿಸಲು ಕೂತಾಗ ಜೇನ್‌ನ ಅಳತೆ ತೆಗೆಯಲಿಲ್ಲ. ಕೈಯಲ್ಲಿದ್ದ ನೂಲನ್ನು ಬಿಚ್ಚಿ ಅದರ ಎರಡು ಗಂಟಿಗೆ ಕತ್ತರಿಸಿದೆ. ಅವಳು ಎಡವಿದ್ದು ಅದಕ್ಕೆ.

ಮೂರನೆಯದು ಕಾಗೆ. ಜೋಪಾನವಾಗಿ ಉಂಟು ಎಂದು ಬರೆದದ್ದು ಸುಳ್ಳು. ರೆಕ್ಕೆ ಹೇಗೆ ಬಿಚ್ಚುತ್ತದೆ ಎಂದು ನೋಡಲು ಹೊಲಿಗೆ ಕಿತ್ತೆ. ಎಲ್ಲ ನೋಡಿಕೊಂಡೆ, ವೇಷಕ್ಕೆ ಹಾಗೆಯೇ ಮಾಡಿದೆ. ಆದರೆ ಕಾಗೆಯನ್ನು ಮತ್ತೆ ಜೋಡಿಸಲು ಬರಲಿಲ್ಲ. ನನ್ನ ಅಪ್ಪನ ಕೈ ನನಗೆ ಬಂದಿಲ್ಲ. ವರ್ಷಗಟ್ಟಲೆ ಪ್ರಯತ್ನಿಸಿದೆ, ಪ್ರತಿ ಸಲವೂ ಬಟ್ಟೆ ಇನ್ನಷ್ಟು ಹರಿಯಿತು. ವಾಪಸು ಕಳಿಸದೆ ಇದ್ದದ್ದು ಅದಕ್ಕೆ. ಈಗ ಅದ್ದು ಕೆಲಸ ಬಿಟ್ಟು ಊರಿಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಎಲ್ಲ ತುಂಡುಗಳನ್ನೂ ಒಂದು ಹಾಲಿನಪುಡಿಯ ಡಬ್ಬದಲ್ಲಿ ಹಾಕಿ ಕಳಿಸುತ್ತಿದ್ದೇನೆ. ಒಂದು ಕಡ್ಡಿಗೆ ತುಕ್ಕು ಹಿಡಿದಿದೆ. ಜೇನ್ ಬಿಟ್ಟುಹೋದ ವೇಷವನ್ನು ಕಳಿಸುವುದಿಲ್ಲ. ಅದು ನಿನ್ನ ಅಳತೆಯದ್ದೇ, ಆದರೆ ನಿನ್ನ ಎಂಟನೇ ವರ್ಷದ ಅಳತೆ.

ಬರುವ ವರ್ಷ ಬರುತ್ತೇನೆ ಎಂದು ಈ ಸಲ ಬರೆಯುವುದಿಲ್ಲ.

ನಿನ್ನ ಅಮ್ಮ


ಪಡುಬೆಟ್ಟು
12 ಮಾರ್ಚ್ 1991

ಮಾತೃಶ್ರೀ ಸಮಾನರಾದ ವಾರಿಜಾಕ್ಷಿಯವರಿಗೆ ದಮಯಂತಿಯ ನಮಸ್ಕಾರಗಳು.

ನಾವು ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ.

ಹೆತ್ತವರಿಗೆ ಮಾತೃಶ್ರೀ ಎಂದೂ, ಹೆತ್ತವರಂತೆ ಇರುವವರಿಗೆ ಸಮಾನರಾದ ಎಂದು ಸೇರಿಸಿಯೂ ಬರೆಯಬೇಕು ಎಂದು ರೋಸಲಿಂಡ್ ಟೀಚರು ಕಲಿಸಿದ್ದಾರೆ. ನಾನು ತುಂಬ ಹೊತ್ತು ಯೋಚಿಸಿದೆ. ದೊಡ್ಡಮ್ಮನಿಗೆ ಕಾಗದ ಬರೆಯುವುದಿದ್ದರೆ ಏನು ಬರೆಯುವುದು ಎಂದು ಯೋಚಿಸಿದೆ. ಆಮೇಲೆ ಬರೆದೆ.

ನಿಮ್ಮ ಕಾಗದವನ್ನು ದೊಡ್ಡಮ್ಮನಿಗೆ ಎರಡು ಸಲ ಓದಿದೆ. ಅವರು ಅತ್ತರು. ಕಣ್ಣಿನ ಆಪರೇಷನ್ ಬೇಸಿಗೆ ಕಳೆದ ಮೇಲೆ ಮಾಡುತ್ತಾರಂತೆ. ಬೀಡಿಯನ್ನು ಈಗ ನಾನೂ ಕಟ್ಟುತ್ತೇನೆ.

ನೀವು ಕೇಳಿದ್ದೀರಿ, ಯಾವ ವೇಷ ಎಂದು. ದೊಡ್ಡಮ್ಮ ಬರೆಯಲಿಲ್ಲ, ನೀವು ನೊಂದುಕೊಳ್ಳುತ್ತೀರಿ ಎಂದು. ಕಾಗೆ ಅಲ್ಲ. ನಾನು ನಿಮ್ಮ ವೇಷ ಹಾಕಿದೆ. ಅಟ್ಟದಲ್ಲಿದ್ದ ನಿಮ್ಮ ಹಸಿರು ಸೀರೆ ಉಟ್ಟು, ಅದ್ದುಚ್ಚನ ಮನೆಯಿಂದ ಕಪ್ಪು ಕನ್ನಡಕವನ್ನೂ ಖಾಲಿ ಸೂಟ್‌ಕೇಸನ್ನೂ ತಂದೆ. ಪ್ರತಿ ಮನೆಯ ಬಾಗಿಲಲ್ಲಿ ಸೂಟ್‌ಕೇಸ್ ಇಟ್ಟು "ಬರುವ ವರ್ಷ ಬರ್ತೇನೆ, ಖಂಡಿತ ಬರ್ತೇನೆ" ಎಂದು ಹೇಳಿ ಹಿಂದೆ ತಿರುಗಿ ಹೋಗುತ್ತಿದ್ದೆ. ಎಲ್ಲರೂ ತುಂಬ ನಕ್ಕರು. ನಾಲ್ಕನೆಯ ಮನೆಯ ತನಕ ನನಗೂ ನಗು ಬರುತ್ತಿತ್ತು. ಆಮೇಲೆ ಬರಲಿಲ್ಲ, ಆದರೂ ಹೋದೆ. ದೊಡ್ಡಮ್ಮ ನಗಲಿಲ್ಲ.

ಫೋಟೋವನ್ನು ಒಲೆಗೆ ಹಾಕಲಿಲ್ಲ. ನನ್ನ ಪುಸ್ತಕದಲ್ಲಿ ಉಂಟು. ವೇಷ ಆ ಹುಡುಗಿಗೆ ದೊಡ್ಡದಾಗಿದೆ ಎಂದು ನಾನು ಆಗಲೇ ನೋಡಿದ್ದೆ. ನೀವು ಬಗ್ಗಿರುವಾಗ ನಿಮ್ಮ ಬಲಗೈಯಲ್ಲಿ ನನ್ನ ನೂಲು ಕಾಣುತ್ತದೆ. ಗಂಟು ಕೂಡ ಕಾಣುತ್ತದೆ. ಇದನ್ನು ದೊಡ್ಡಮ್ಮನಿಗೂ ಹೇಳಿರಲಿಲ್ಲ.

ಡಬ್ಬ ಬಂತು. ಅದ್ದುಚ್ಚ ಕೊಡುವಾಗ "ಹೋಗುವಾಗ ಹಾರುತ್ತಿತ್ತು, ಬರುವಾಗ ಮೊಟ್ಟೆಯಾಗಿದೆ" ಎಂದರು. ದೊಡ್ಡಮ್ಮ ಒಂದೊಂದೇ ತುಂಡನ್ನು ಬೆರಳಲ್ಲಿ ಮುಟ್ಟಿ ಇದು ಎದೆ, ಇದು ಕುತ್ತಿಗೆ, ಇಲ್ಲಿ ಎರಡು ಹೊಲಿಗೆ, ಇಲ್ಲಿ ಮೂರು ಎಂದು ಹೇಳಿದರು. ನಾನು ಹೊಲಿದೆ. ಎಂಟು ದಿನ ಹಿಡಿಯಿತು. ದಾರ ಎಳೆದರೆ ಎಡದ ರೆಕ್ಕೆ ಬಿಚ್ಚುತ್ತದೆ. ಬಲದ್ದು ತುಕ್ಕು ಹಿಡಿದ ಕಡ್ಡಿಯದ್ದು, ಬಿಚ್ಚುವುದಿಲ್ಲ. ನಾನು ಒತ್ತಾಯ ಮಾಡಲಿಲ್ಲ.

ಬರುವುದಾದರೆ ನವರಾತ್ರಿಗೇ ಬರಬೇಕೆಂದಿಲ್ಲ.

ದಮಯಂತಿ